ಕಾಕಾನ ಮಾತಿನ ಮುಖ್ಯ ತೀರ್ಮಾನ

ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ವರ್ಷ ನಾನು ಒಂದು ಬಗೆಯ ಪ್ರಶ್ನೆಯಲ್ಲಿ ತಪ್ಪದೆ ಮಣ್ಣು ಮುಕ್ಕುತ್ತಿದ್ದೆ. ನಾಲ್ಕೈದು ಸಾಲಿನ ಒಂದು ವಾದ ಕೊಟ್ಟಿರುತ್ತಾರೆ, ಕೆಳಗೆ ನಾಲ್ಕು ಆಯ್ಕೆ. ಈ ವಾದದ ಮುಖ್ಯ ತೀರ್ಮಾನ ಯಾವುದು ಎಂಬುದು ಪ್ರಶ್ನೆ. ನಾನು ಪ್ರತಿ ಸಲ ಕೊನೆಯ ವಾಕ್ಯಕ್ಕೆ ಗುರುತು ಹಾಕುತ್ತಿದ್ದೆ, ಪ್ರತಿ ಸಲ ತಪ್ಪಾಗುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಪ್ರಶ್ನೆ ಓದದೆ, ಮನಸ್ಸಿಗೆ ಬಂದ ಅಕ್ಷರಕ್ಕೆ ಗುರುತು ಹಾಕಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದಳು.

ತಪ್ಪು ನನ್ನದಲ್ಲ, ನಮ್ಮ ಮಂದಿಯದು. ಮಿರಜಿನ ನಮ್ಮಂಥ ಕನ್ನಡದ ಮನೆಗಳಲ್ಲಿ ಮಾತಿನ ಮುಖ್ಯ ಭಾಗ ಬರುವುದು ಚಪ್ಪಲಿ ಮೆಟ್ಟಿದ ಮೇಲೆ. ಹಿಂದಿನ ಓಣಿಯ ಹೆಂಗಸು ಬರುತ್ತಾಳೆ, ಕೂರುತ್ತಾಳೆ. ಅವ್ವನ ಮೊಣಕಾಲು ಹೇಗಿದೆ ಅಂತ ಕೇಳುತ್ತಾಳೆ, ನಳದ ನೀರು ಎಷ್ಟು ಹೊತ್ತಿಗೆ ಬಂತು ಅಂತ ಕೇಳುತ್ತಾಳೆ, ತನ್ನ ಸೊಸೆಯ ತವರಿನವರು ಎಂಥವರು ಎಂಬುದನ್ನು ಅವರ ಮುತ್ತಜ್ಜನಿಂದ ಶುರು ಮಾಡುತ್ತಾಳೆ. ಚಹಾ ಆಗುತ್ತದೆ. ಏಳುತ್ತಾಳೆ. ಹೊಸ್ತಿಲು ದಾಟಿ ಒಂದು ಪಾದ ಚಪ್ಪಲಿಯೊಳಗೆ ಹೋದ ಮೇಲೆ, ಏನೋ ಈಗ ತಾನೇ ನೆನಪಾದವಳಂತೆ, "ಅಂದಂಗ ವೈನಿ, ನಿಮ್ಮ ದೊಡ್ಡ ಕುಕ್ಕರ ಎರಡ ದಿನಾ ಕೊಡ್ತೀರೇನ್ರಿ?" ಅನ್ನುತ್ತಾಳೆ. ತಾಸುಗಟ್ಟಲೆ ಆಡಿದ ಮಾತೆಲ್ಲ ಆ ಕುಕ್ಕರಿನ ಸಲುವಾಗಿ. ಅವ್ವನಿಗೂ ಅದು ಗೊತ್ತಿರುತ್ತದೆ, ಹಾಗಾಗಿ ಚಹಾಕ್ಕೆ ಇಡುವಾಗಲೇ ಕಪಾಟಿನ ಕಡೆ ಒಮ್ಮೆ ನೋಡಿರುತ್ತಾಳೆ. ಒಳಗೆ ಬಂದ ಕೂಡಲೇ ಕುಕ್ಕರ್ ಕೇಳಿದರೆ ಆ ಹೆಂಗಸಿಗೆ ನಮ್ಮಲ್ಲಿ ರೀತಿ ರಿವಾಜು ಗೊತ್ತಿಲ್ಲ ಅನ್ನುತ್ತಾರೆ. ಇಂಥ ಮನೆಯಲ್ಲಿ ಬೆಳೆದವಳಿಗೆ ಮುಖ್ಯ ಮಾತು ಅಂದರೆ ಕೊನೆಯ ಮಾತು. ಪ್ರಶ್ನೆಪತ್ರಿಕೆ ತೆಗೆಯುವ ಮಹಾನುಭಾವರಿಗೆ ಈ ಸಭ್ಯತೆ ಯಾರೂ ಕಲಿಸಿಲ್ಲ, ಅವರು ತೀರ್ಮಾನವನ್ನು ಎಲ್ಲೆಂದರಲ್ಲಿ ಇಡುತ್ತಾರೆ.

ನಮ್ಮ ಕ್ಲಾಸು ಇದ್ದದ್ದು ಸಾಂಗ್ಲಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಮಿರಜಿನಿಂದ ಸಿಟಿ ಬಸ್ಸು ಹತ್ತಿ, ನಿಂತುಕೊಂಡೇ ಹೋಗಿ ಸೇರಬೇಕು. ತರ್ಕ ಕಲಿಸುವ ಸರ್ ಮರಾಠಿಯವರು, ತೆಳ್ಳಗಿನ ಮನುಷ್ಯ, ಕೆಳಗಿನಿಂದ ಬ್ರೆಡ್ಡಿನ ವಾಸನೆ ಬರಲು ಶುರುವಾದರೆ ಸಿಟ್ಟಿಗೇಳುತ್ತಿದ್ದರು. ನನ್ನ ಉತ್ತರಗಳನ್ನು ನೋಡಿ ಒಂದು ದಿನ ಅವರು, "ಮ್ಹಣೂನ್ ದಿಸ್ಲಾ ಕಿ ಉಡೀ ಮಾರತೇಸ್" ಅಂದರು. 'ಆದ್ದರಿಂದ' ಎಂಬ ಪದ ಕಂಡರೆ ಸಾಕು, ಹಾರಿ ಬೀಳ್ತೀಯ ಅಂತ. ಆಮೇಲೆ ಬೋರ್ಡಿನ ಮೇಲೆ ಒಂದು ವಾದ ಬರೆದರು.

ಶಾಲೆಯಲ್ಲಿ ಆಟದ ಅವಧಿಯನ್ನು ಕಡಿಮೆ ಮಾಡಬಾರದು. ಆಡಿದ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತಾರೆ. ಚೆನ್ನಾಗಿ ನಿದ್ದೆ ಮಾಡಿದವರಿಗೆ ಪಾಠ ನೆನಪಿರುತ್ತದೆ. ಆದ್ದರಿಂದ ಆಟವು ಪಾಠಕ್ಕೆ ಸಹಾಯ ಮಾಡುತ್ತದೆ.

ಕೊನೆಯದು ಅಂತ ನಾನು ಕೈ ಎತ್ತಿದೆ. ಸರ್ ಚಾಕ್ ಪೀಸು ನನ್ನ ಕಡೆಗೆ ಎಸೆದರು, ಅದು ಪಕ್ಕದವಳಿಗೆ ಬಿತ್ತು. ಅವರು ಹೇಳಿದ ಉಪಾಯ ಇಷ್ಟೇ. ಒಂದೊಂದು ವಾಕ್ಯದ ಮುಂದೆಯೂ ನಿಂತು 'ಯಾಕೆ?' ಅಂತ ಕೇಳು. ಆಟದ ಅವಧಿ ಯಾಕೆ ಕಡಿಮೆ ಮಾಡಬಾರದು? ಆಟ ಪಾಠಕ್ಕೆ ಸಹಾಯ ಮಾಡುತ್ತದೆ, ಅದಕ್ಕೆ. ಆಟ ಪಾಠಕ್ಕೆ ಯಾಕೆ ಸಹಾಯ ಮಾಡುತ್ತದೆ? ನಿದ್ದೆ ಬರುತ್ತದೆ, ಅದಕ್ಕೆ. ಹೀಗೆ ಉಳಿದವೆಲ್ಲ ಯಾವ ವಾಕ್ಯವನ್ನು ಹೊತ್ತುಕೊಂಡು ನಿಂತಿರುತ್ತವೋ, ಯಾವುದು ಮಾತ್ರ ಇನ್ನೊಂದನ್ನು ಹೊತ್ತಿರುವುದಿಲ್ಲವೋ, ಅದೇ ಮುಖ್ಯ ತೀರ್ಮಾನ. ಅದು ಮೊದಲೂ ಇರಬಹುದು, ನಡುವೆಯೂ ಇರಬಹುದು. 'ಆದ್ದರಿಂದ' ಎಂಬ ಪದ ಹಲವು ಸಲ ಬರೀ ಅರ್ಧ ದಾರಿಯ ನಿಲ್ದಾಣ, ಅಲ್ಲಿ ಇಳಿದವರು ಊರು ಸೇರುವುದಿಲ್ಲ.

ಈ ಹತ್ಯಾರು ಕೈಗೆ ಸಿಕ್ಕಮೇಲೆ ನಾನು ಅದನ್ನು ಕ್ಲಾಸಿನಲ್ಲಿ ಬಳಸಿದ್ದಕ್ಕಿಂತ ಮನೆಯಲ್ಲಿ ಬಳಸಿದ್ದೇ ಹೆಚ್ಚು. ಅಪ್ಪ ಒಂದು ಸಂಜೆ ಕಿಟಕಿಯಲ್ಲಿ ನಿಂತು, "ಗಾಳಿ ಬಿಟ್ಟೈತಿ. ಮಾಳಗಿ ಮ್ಯಾಲೆ ಅರಬಿ ಅದಾವ. ನಿಮ್ಮವ್ವಗ ಮೊಣಕಾಲ ನೋವು. ಅದಕ್ಕ ಮನ್ಯಾಗ ಎಲ್ಲಾರೂ ಜವಾಬ್ದಾರಿ ತಿಳಕೋಬೇಕು" ಅಂದರು.

"ಪಪ್ಪಾ, ನಾ ಅರಬಿ ತರಬೇಕು. ಅದು ಮುಖ್ಯ ತೀರ್ಮಾನ. ಅದನ್ನ ಬಿಟ್ಟ ಎಲ್ಲಾ ಹೇಳಿದ್ರಿ" ಅಂದೆ.

"ವಕೀಲಕಿ ಆಗೂಕಿಂತ ಮೊದಲ ಹಿಂಗ. ಆದ ಮ್ಯಾಲೆ ಮನಿ ಬಿಟ್ಟ ಹೋಗಬೇಕು ನಾವು" ಎಂದರು ಅಪ್ಪ, ಮತ್ತು ಅರಿವೆಗಳನ್ನು ತಾವೇ ಹೋಗಿ ತಂದರು. ನನಗೆ ಅದರಿಂದ ಬುದ್ಧಿ ಬರಲಿಲ್ಲ, ಇನ್ನಷ್ಟು ಉತ್ಸಾಹ ಬಂತು.

ಅಭ್ಯಾಸಕ್ಕೆ ನಮ್ಮ ಮನೆಯಷ್ಟು ಒಳ್ಳೆಯ ಜಾಗ ಇರಲಿಲ್ಲ. ಮಿರಜಿನಲ್ಲಿ ಎಲ್ಲಿ ಕಲ್ಲೆಸೆದರೂ ಅದು ಒಂದು ದವಾಖಾನೆಯ ಮೇಲೆ ಬೀಳುತ್ತದೆ, ಹಾಗಾಗಿ ಮಿರಜಿನಲ್ಲಿ ಮನೆ ಇದ್ದವರಿಗೆ ನೆಂಟರ ಬರ ಎಂದೂ ಇಲ್ಲ. ಅಥಣಿಯ ಕಡೆಯಿಂದ, ಉಗಾರದಿಂದ, ರಾಯಬಾಗದಿಂದ ನಮ್ಮ ಬಂಧುಗಳು ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಹೇಳುವುದು ಒಂದೇ, "ಸುಮ್ನ ನಿಮ್ಮನ್ನೆಲ್ಲಾ ನೋಡಿ ಹೋಗೂಣಂತ ಬಂದೇನಿ." ಕೈಚೀಲದಿಂದ ಎಕ್ಸ್‌ರೇದ ದೊಡ್ಡ ಲಕೋಟೆ ಕತ್ತು ಹೊರಗೆ ಹಾಕಿರುತ್ತದೆ. ಅವ್ವ ಅದನ್ನು ನೋಡಿಯೂ ನೋಡದವಳಂತೆ ಅಕ್ಕಿ ಅಳೆಯುತ್ತಾಳೆ. ರೋಗ ಯಾವುದು ಎಂಬುದು ಊಟದ ಹೊತ್ತಿಗೆ ತಿಳಿಯುತ್ತದೆ, ಎಷ್ಟು ದಿನ ಇರುತ್ತಾರೆ ಎಂಬುದು ಮಾತ್ರ ಅವರು ಹೋದ ಮೇಲೇ ತಿಳಿಯುತ್ತದೆ.

ಹಾಗೆ ಬಂದವರಲ್ಲಿ ಒಬ್ಬರು ನನ್ನ ಕಾಕಾ, ಅಪ್ಪನ ತಮ್ಮ. ಅವರು ದೂರದವರೇನಲ್ಲ, ಇದೇ ತಾಲೂಕಿನ ಸಲಗರೆಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದವರು. ನಮ್ಮ ಇಡೀ ಬಳಗದಲ್ಲಿ ಸುತ್ತಿ ಬಳಸಿ ಮಾತಾಡುವ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಯಾವ ಮಾತು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಊಟ ಮಾಡ್ತೀರಾ ಅಂತ ಕೇಳಿದರೆ, ಮೊದಲು ಬೆಳಿಗ್ಗೆ ಏನು ತಿಂದೆ ಎಂಬುದು, ಆಮೇಲೆ ಹಸಿವು ಎಂಬುದು ವಯಸ್ಸಿನ ಮೇಲೆ ಹೇಗೆ ಬದಲಾಗುತ್ತದೆ ಎಂಬುದು, ಅಲ್ಲಿಂದ ತೋಟಕ್ಕೆ ಸಿಂಪಡಿಸುವ ಔಷಧದ ವಿಚಾರ, ಅಷ್ಟರಲ್ಲಿ ಅವ್ವ ತಾಟು ಹಾಕಿ ಬಡಿಸಿ ಮುಗಿಸಿರುತ್ತಿದ್ದಳು. ಹೌದು ಅನ್ನುವುದು, ಇಲ್ಲ ಅನ್ನುವುದು ಇವೆರಡೂ ಮನುಷ್ಯನಿಗೆ ಶೋಭಿಸುವುದಿಲ್ಲ ಎಂಬುದು ಅವರ ನಂಬಿಕೆ ಇದ್ದಂತೆ ಕಾಣುತ್ತಿತ್ತು.

ಆ ಸಲ ಅವರ ದನಿ ಒರಟಾಗಿತ್ತು. ತಿಂಗಳುಗಳಿಂದ ಹಾಗೇ ಇದೆಯಂತೆ. ಶೀತ ಅಂದರು, ಧೂಳು ಅಂದರು, ಔಷಧದ ವಾಸನೆ ಅಂದರು. ಪಂಪಿನ ಮನೆಯ ಹಿಂದೆ ನಿಂತು ಸೇದುತ್ತಿದ್ದ ಬೀಡಿಯ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ಅಪ್ಪ ದವಾಖಾನೆಗೆ ಕರೆದುಕೊಂಡು ಹೋದರು. ಗಂಟಲಿನೊಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ತೆಗೆದರೆ ಬದುಕುತ್ತಾರೆ, ಆದರೆ ಮತ್ತೆ ಮಾತಾಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಇದನ್ನು ಅವರು ಹೇಳಿದ್ದು ಅಪ್ಪನಿಗೆ.

ಅಪ್ಪ ಸಲಗರೆಗೆ ಫೋನು ಹಚ್ಚಿದರು. ಆ ಕಡೆಯಿಂದ ಕಾಕು, ಅಂದರೆ ಕಾಕಾನ ಹೆಂಡತಿ, ಡಾಕ್ಟರು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಅವ್ರಿಗೆ ಹೇಳಬ್ಯಾಡ್ರಿ ಭಾವಾಜಿ. ಎದಿ ಒಡ್ಕೊಂತಾರು" ಅಂದರು. ಅಲ್ಲಿಗೆ ನಿರ್ಣಯ ಆಯಿತು. ಕಾಕಾನಿಗೆ, ಗಂಟಲಲ್ಲಿ ಸಣ್ಣ ಗಂಟಿದೆ, ತೆಗೆದು ಹಾಕ್ತಾರೆ, ಆಮೇಲೆ ಆರಾಮ ಅಂತ ಹೇಳುವುದು. ಇದು ನಮ್ಮ ಮನೆಯ ಹೊಸ ಶೋಧವೇನಲ್ಲ. ನಮ್ಮಲ್ಲಿ ದೊಡ್ಡ ರೋಗ ಬಂದವನಿಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ಓಣಿಗೆಲ್ಲ ಗೊತ್ತಿರುತ್ತದೆ, ಹಾಲಿನವನಿಗೆ ಗೊತ್ತಿರುತ್ತದೆ, ಹಾಸಿಗೆಯಲ್ಲಿ ಮಲಗಿದವನು ಮಾತ್ರ ಗ್ಯಾಸ್ ಆಗಿದೆ ಅಂತ ತಿಳಿದುಕೊಂಡಿರುತ್ತಾನೆ. ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ದೊಡ್ಡಪ್ಪಂದಿರು, ಅಜ್ಜಿಯರು, ಹೀಗೆ ಎಷ್ಟೋ ಮಂದಿ ನಮ್ಮ ಮನೆಯ ಅಟ್ಟದ ಕೋಣೆಯಿಂದ ತಮ್ಮ ರೋಗದ ಹೆಸರು ತಿಳಿಯದೆಯೇ ಮೇಲಕ್ಕೆ ಹೋಗಿದ್ದರು. ಆದರೆ ಅವರಲ್ಲಿ ಯಾರ ಮಾತನ್ನೂ ಯಾರೂ ಕಿತ್ತುಕೊಳ್ಳುವವರಿರಲಿಲ್ಲ. ಈ ಮನುಷ್ಯ ಒಂದು ಬೆಳಿಗ್ಗೆ ಮಾತಾಡುತ್ತಾ ಒಳಗೆ ಹೋಗುತ್ತಾರೆ, ಎಚ್ಚರವಾದಾಗ ಬಾಯಿ ತೆರೆದರೆ ದನಿಯೇ ಬರುವುದಿಲ್ಲ. ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

ಡಾಕ್ಟರ ತಪ್ಪು ಅನ್ನುವಂತಿಲ್ಲ. ಅವರು ಎರಡೆರಡು ಸಲ, "ಪೇಶಂಟಿಗೆ ಎಲ್ಲಾ ತಿಳಿಸಿ ಹೇಳೀರಿಲ್ರಿ?" ಅಂತ ಅಪ್ಪನನ್ನು ಕೇಳಿದರು. "ಹೇಳೇವ್ರಿ" ಎಂದರು ಅಪ್ಪ, ಗೋಡೆಯ ಮೇಲಿನ ಗಡಿಯಾರ ನೋಡುತ್ತಾ. ಡಾಕ್ಟರು ಕಾಕಾನ ಕಡೆ ತಿರುಗಿ, "ಕಾಕಾ, ಎಲ್ಲಾ ಗೊತ್ತೈತಲ್ರಿ?" ಅಂದರು. ಕಾಕಾ ಎದ್ದು ಕುಳಿತು, "ಗೊತ್ತೈತ್ರಿ ಸಾಹೇಬ್ರ" ಅಂದರು. ದೊಡ್ಡ ಮನುಷ್ಯರ ಮುಂದೆ ತನಗೇನೂ ಗೊತ್ತಿಲ್ಲ ಅಂದರೆ ಅಣ್ಣನ ಮರ್ಯಾದೆ ಹೋಗುತ್ತದಲ್ಲ. ಹೀಗೆ ಮೂವರೂ ಒಬ್ಬರಿಗೊಬ್ಬರು ಬಹಳ ಸಭ್ಯವಾಗಿ ನಡೆದುಕೊಂಡರು.

ದವಾಖಾನೆಯಲ್ಲಿ ಕಾಕಾನ ಹತ್ತಿರ ಕೂರುವ ಕೆಲಸ ನನಗೆ ಬಂತು. ಯಾಕೆಂದರೆ ನಾನು ಮನೆಯಲ್ಲಿ ಸುಮ್ಮನೆ ಓದುತ್ತಿರುವವಳು. ಪುಸ್ತಕ ತೆಗೆದುಕೊಂಡು ಹೋಗು, ಅಲ್ಲೇ ಓದು ಎಂದರು ಅಪ್ಪ. ಹೋಗುವ ಮುಂಚೆ ಬಾಗಿಲಲ್ಲಿ ತಡೆದು, "ಬಾಯಿ ಬಿಗಿ ಹಿಡಿ" ಅಂದರು. ಅವರ ಜೀವನದಲ್ಲಿ ಅಷ್ಟು ನೇರವಾಗಿ ಹೇಳಿದ ಮಾತು ಇನ್ನೊಂದಿಲ್ಲ.

ಕಾಕಾ ನನ್ನ ಪುಸ್ತಕದಲ್ಲಿ ಆಸಕ್ತಿ ತೋರಿಸಿದರು. ಏನು ಓದ್ತಿ ಅಂದರು. ನಾನು ಒಂದು ವಾದ ಓದಿ ಹೇಳಿದೆ, ಇದರಲ್ಲಿ ಮುಖ್ಯ ಮಾತು ಯಾವುದು ಅಂತ ಹುಡುಕಬೇಕು ಎಂದು ವಿವರಿಸಿದೆ, ಅದು ಮೊದಲನೇ ವಾಕ್ಯದಲ್ಲೇ ಬಂದಿದೆ ಅಂತ ತೋರಿಸಿದೆ. ಅವರು ಕೆಮ್ಮಿ, ದನಿ ಸರಿಮಾಡಿಕೊಂಡು, "ಇದಕ್ಕ ಪರೀಕ್ಷಾ ಇಡ್ತಾರೇನು?" ಅಂತ ಕೇಳಿದರು.

"ಹೂಂರಿ."

"ಇಷ್ಟ ಲಗೂ ಮುಖ್ಯ ಮಾತಿಗೆ ಬಂದ್ರ, ಉಳದ ಹೊತ್ತ ಏನ ಮಾಡ್ತಾರು ಅವ್ರು?"

ನಾನು ಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಪುಟ ತಿರುವಿದೆ. ಅಲ್ಲಿ ಇದಿರಲಿಲ್ಲ, ಈಗ ಲಾ ಎರಡನೇ ವರ್ಷದಲ್ಲಿದ್ದೇನೆ, ಇಲ್ಲಿನ ಪುಸ್ತಕಗಳಲ್ಲೂ ಇಲ್ಲ.

ಆಪರೇಷನ್ನಿಗೆ ಗೊತ್ತು ಮಾಡಿದ್ದ ದಿನದ ಹಿಂದಿನ ಮಧ್ಯಾಹ್ನ ಕಾಕಾ ಬಹಳ ಮಾತಾಡಿದರು. ಒರಟು ಪಿಸುದನಿ, ಸೋರುವ ಸೈಕಲ್ ಪಂಪಿನಂತೆ. ನಾನು ಪುಸ್ತಕದಲ್ಲಿ ತಲೆ ಹುದುಗಿಸಿ ಹೂಂ ಹೂಂ ಅನ್ನುತ್ತಿದ್ದೆ. ಅವರು ಹೇಳಿದ್ದು ಹೀಗೆ.

"ಈ ವರ್ಷ ಬಳ್ಳಿ ಛಲೋ ಬಂದಾವ. ನಿನ್ನಿ ನಿಮ್ಮಪ್ಪ ದಾಳಿಂಬ ತಂದಿದ್ದ. ಜಲ್ಮದಾಗ ನನಗ ಒಂದ ಲಿಂಬಿಹಣ್ಣ ತಂದಾವಲ್ಲ ಅವ. ಸಾಹೇಬ್ರು ನೋಡೂದು ನನ್ನ ಗಂಟಲಾ, ಮಾತಾಡೂದು ನಿಮ್ಮಪ್ಪನ ಕೂಡ. ನಿಮ್ಮ ಕಾಕು ಫೋನದಾಗ ನನಗ ಬೈಯೂದು ಬಿಟ್ಟಾಳ. ಎಲ್ಲಾರಿಗೂ ಏನೋ ಗೊತ್ತೈತಿ, ನನಗೊಬ್ಬಗ ಗೊತ್ತಿಲ್ಲ. ಬೀಡಿ ಸೇದಬ್ಯಾಡ ಅಂತ ಸುದ್ದಾ ಯಾರೂ ಅನ್ನವಲ್ರು. ಹವಾ ಕಾದೈತಿ ಇವತ್ತ. ಗಂಟಲಾ ಒಣಗೇತಿ ಯವ್ವಾ. ಅದಕ್ಕ ಒಂದ ಚಾ ತರ್ತೀ ಏನು?"

ನಾನು ಚಹಾ ತರಲು ಎದ್ದೆ. ಗೇಟಿನ ಹೊರಗಿನ ಗಾಡಿಯವನು ಹಾಲು ಕಾಯಿಸುತ್ತಿದ್ದ, ತಡವಾಗುತ್ತದೆ ಅಂದ. ಅಲ್ಲಿ ನಿಂತಾಗ ನನ್ನ ತಲೆಗೆ ಹೊಳೆಯಿತು, ನಾನು ಮತ್ತೆ 'ಅದಕ್ಕೆ' ಎಂಬ ಪದ ಕೇಳಿ ಹಾರಿ ಬಿದ್ದಿದ್ದೇನೆ. ಚಹಾ ಯಾಕೆ? ಗಂಟಲು ಒಣಗಿದೆ, ಅದಕ್ಕೆ. ಸರಿ, ಅಷ್ಟಕ್ಕೇ ಮುಗಿಯಿತು. ಹಾಗಾದರೆ ದಾಳಿಂಬೆ ಯಾತಕ್ಕೆ ಬಂತು? ಕಾಕು ಬೈಯುವುದು ಬಿಟ್ಟದ್ದು ಯಾತಕ್ಕೆ ಬಂತು? ಬೀಡಿಯ ಮಾತು ಯಾತಕ್ಕೆ? ಅವೆಲ್ಲ ಚಹಾವನ್ನು ಹೊತ್ತಿರಲಿಲ್ಲ. ಅವೆಲ್ಲ ಹೊತ್ತಿದ್ದದ್ದು ನಡುವಿನ ಒಂದೇ ವಾಕ್ಯವನ್ನು, ಎಲ್ಲಾರಿಗೂ ಏನೋ ಗೊತ್ತೈತಿ, ನನಗೊಬ್ಬಗ ಗೊತ್ತಿಲ್ಲ. ಅದು ದೂರು ಅಲ್ಲ, ಪ್ರಶ್ನೆ. ನಮ್ಮ ಕಾಕಾನ ಬಾಯಿಂದ ಅದಕ್ಕಿಂತ ನೇರವಾದ ಪ್ರಶ್ನೆ ಬರಲು ಸಾಧ್ಯವಿರಲಿಲ್ಲ. ಅದನ್ನೂ ಅವರು ಹವಾಮಾನದ ಪಕ್ಕದಲ್ಲಿ ಅಡಗಿಸಿ ಇಟ್ಟಿದ್ದರು.

ನನಗೆ ಹೆದರಿಕೆ ಆಯಿತು. ಅಪ್ಪನ ಹೆದರಿಕೆ ಅಲ್ಲ, ಅಪ್ಪ ಬೈದರೆ ಎರಡು ದಿನ ಬೈಯುತ್ತಾರೆ. ಹೇಳಿದ ಮೇಲೆ ಈ ಮನುಷ್ಯನ ಮುಖ ನೋಡಬೇಕಲ್ಲ, ಆ ಹೆದರಿಕೆ. ಚಹಾದ ಗ್ಲಾಸುಗಳನ್ನು ಹಿಡಿದು ಮೆಟ್ಟಿಲು ಹತ್ತುವಾಗ ಬೆರಳ ಮೇಲೆ ಚೆಲ್ಲಿಕೊಂಡೆ.

ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತೆ. "ಕಾಕಾ, ನಿಮಗ ಗಂಟಲದಾಗ ಕ್ಯಾನ್ಸರ್ ಆಗೇತ್ರಿ. ನಾಳಿ ಆಪರೇಶನ್ ಮಾಡಿ ಧ್ವನಿ ಪೆಟಿಗಿ ತಗೀತಾರು. ಆಮ್ಯಾಲೆ ಮಾತ ಬರೂದಿಲ್ಲ" ಅಂದೆ.

ಅವರು ಚಹಾ ಕುಡಿದರು. ಊದಿ ಊದಿ, ನಿಧಾನ. ಆಮೇಲೆ ಕೇಳಿದರು, "ಸಾಯ್ತೇನೇನು?"

"ಇಲ್ರಿ. ಪೆಟಿಗಿ ತಗದ್ರ ಉಳೀತಾರು ಅಂತ ಸಾಹೇಬ್ರು ಹೇಳ್ಯಾರು."

"ಮಾತ ಪೂರಾ ಹೋಗತೈತಿ?"

"ಹೌದ್ರಿ."

"ಪಿಸಪಿಸಾನೂ ಬರೂದಿಲ್ಲ?"

"ಬರೂದಿಲ್ರಿ."

ಅವರು ಗ್ಲಾಸಿನ ತಳದಲ್ಲಿ ಉಳಿದದ್ದನ್ನು ನೋಡಿದರು. "ಸಕ್ರಿ ಕಮ್ಮಿ ಹಾಕ್ಯಾನ" ಅಂದರು. ನನ್ನ ಮೂಗಿನಿಂದ ನೀರು ಇಳಿಯುತ್ತಿತ್ತು. ಅವರು ತಮ್ಮ ಟವೆಲಿನ ತುದಿ ನನ್ನ ಕಡೆಗೆ ಚಾಚಿದರು, ಅದಕ್ಕೆ ಬೀಡಿಯ ವಾಸನೆ ಇತ್ತು.

ಸಂಜೆ ಡಾಕ್ಟರು ಬಂದಾಗ ಕಾಕಾ ಹಾಸಿಗೆಯಿಂದ ಇಳಿದು ನಿಂತರು. "ಸಾಹೇಬ್ರ, ನಾಳಿ ಬ್ಯಾಡ್ರಿ. ಎರಡ ದಿನಾ ತಡೀರಿ. ಮಾತಾಡೂದು ಭಾಳ ಉಳದೈತಿ." ಡಾಕ್ಟರು ಅಪ್ಪನ ಕಡೆ ನೋಡಿದರು. ಅಪ್ಪ ಮೇಲಿನ ಪಂಖಾ ನೋಡಿದರು. ಎರಡು ದಿನದಲ್ಲಿ ಏನೂ ಹೆಚ್ಚು ಕಡಿಮೆ ಆಗುವುದಿಲ್ಲ ಅಂತ ಡಾಕ್ಟರು ಒಪ್ಪಿದರು. ಹೋಗುವಾಗ ಅಪ್ಪನ ಹೆಗಲು ಮುಟ್ಟಿ, ಹೊರಗೆ ಬರ್ರಿ ಅಂದರು. ಹೊರಗೆ ಏನು ಹೇಳಿದರೋ, ಅಪ್ಪ ವಾಪಸು ಬಂದಾಗ ಅವರ ಕಿವಿ ಕೆಂಪಾಗಿದ್ದವು.

ಅಪ್ಪ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ತೀರ್ಮಾನ ಮೊದಲನೇ ವಾಕ್ಯದಲ್ಲೇ ಇತ್ತು.

ರಾತ್ರಿಯೇ ಸಲಗರೆಗೆ ಅಪ್ಪನ ಫೋನು ಹೋಗಿತ್ತು, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಾಕು ಬಂದರು. ಗಂಟು ಮೂಟೆ ಕೆಳಗಿಟ್ಟವರೇ, ವರಾಂಡದಲ್ಲಿ ರೋಗಿಗಳ ಮಂದಿ ಎಲ್ಲ ನೋಡುತ್ತಿದ್ದಂತೆ, ನನ್ನ ಮೇಲೆ ಏರಿ ಬಂದರು.

"ನಿನ್ನ ನಾ ಎತ್ತಿ ಆಡಿಸೇನಿ. ನಿನ್ನ ಹೇಲ ಉಚ್ಚಿ ಬಳದೇನಿ. ಲಾ ಕಲಿಯೂದಂದ್ರ ಇದೇನು? ಅವ್ರು ಧೈರ್ಯದಾವ್ರಲ್ಲ, ಹಲ್ಲಿ ಬಿದ್ರ ಬೆಚ್ಚತಾರು. ನಾ ಎಷ್ಟ ಸಲ ಫೋನ ಹಚ್ಚಿದೆ. ಹೇಳಬೇಕಂತ ಹಚ್ಚತಿದ್ದೆ, ಬಾಯಿಗೆ ಬರ್ತಿದ್ದಿಲ್ಲ, ತ್ವಾಟದ ಸುದ್ದಿ ಹೇಳಿ ಇಡ್ತಿದ್ದೆ. ನಿನಗ ಹೆಂಗ ಬಾಯಿ ಬಂತು? ಕೂಸು ನೀನು, ನಿನಗ ಹೆಂಗ ಬಾಯಿ ಬಂತು? ಅದಕ್ಕ ಇನ್ನ ಮ್ಯಾಲೆ ನಮ್ಮ ಮನೀ ಮಾತಿನ್ಯಾಗ ನೀ ತಲಿ ಹಾಕಬ್ಯಾಡ."

ವರಾಂಡದವರಿಗೆ ಕೊನೆಯ ವಾಕ್ಯ ಸಾಕಾಗಿತ್ತು, ಒಬ್ಬ ಮುದುಕಿ ಸರಿಯಾಗಿ ಹೇಳಿದಿ ಎಂಬಂತೆ ತಲೆಯಾಡಿಸಿದಳು. ನನಗೆ ಕೇಳಿಸಿದ್ದು ಬೇರೆ ವಾಕ್ಯ. ಬಾಯಿಗೆ ಬರ್ತಿದ್ದಿಲ್ಲ. ಉಳಿದದ್ದೆಲ್ಲ ಅದರ ಸುತ್ತ ಕಟ್ಟಿದ ಬೇಲಿ. ಆ ಹೊತ್ತಿಗೆ ಅದನ್ನು ಎತ್ತಿ ತೋರಿಸುವಷ್ಟು ಮೂರ್ಖಳು ನಾನಲ್ಲ. "ಆತ್ರಿ ಕಾಕು" ಅಂದೆ. ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. ದನಿ ತಗ್ಗಿಸಿ, "ಅತ್ತರೇನು?" ಅಂತ ಕೇಳಿದರು.

"ಇಲ್ರಿ. ಚಾ ಕುಡದ್ರು. ಸಕ್ರಿ ಕಮ್ಮಿ ಆಗೇತಿ ಅಂದ್ರು."

ಕಾಕು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತರು. ನಾನೂ ಅತ್ತೆ. ತಲೆಯಾಡಿಸಿದ ಮುದುಕಿ ಬಂದು ನಮ್ಮಿಬ್ಬರಿಗೂ ನೀರು ಕೊಟ್ಟಳು, ಯಾರು ಹೋದರು ಅಂತ ಕೇಳಿದಳು.

ಮಾತಾಡುವುದು ಉಳಿದಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನ ಬಂದರು. ಸಲಗರೆಯಿಂದ ಬಂದರು, ಗಡಿಯಾಚೆ ಅಥಣಿಯ ಕಡೆಯಿಂದ ಬಂದರು, ಸಮಡೋಳಿಯ ಬೀಗರು ಬಂದರು. ಬಂದವರೆಲ್ಲ ಸುಮ್ನ ನೋಡಿ ಹೋಗೂಣಂತ ಬಂದವರು. ಕಾಕಾ ಏನೋ ದೊಡ್ಡ ಮಾತು ಆಡುತ್ತಾರೆ, ಆಸ್ತಿಯ ಬಗ್ಗೆಯೋ ಆತ್ಮದ ಬಗ್ಗೆಯೋ, ಎಂದು ಎಲ್ಲರೂ ಮುಖ ಗಂಭೀರ ಮಾಡಿಕೊಂಡು ಕೂತರು. ಕಾಕಾ ಮೊದಲ ದಿನವನ್ನು ಪೂರ್ತಿ ಒಂದು ಬೋರ್‌ವೆಲ್‌ಗೆ ಕೊಟ್ಟರು. ಅದಕ್ಕೆ ಜಾಗ ತೋರಿಸಿದವನು ಯಾರು, ಅವನು ಹಿಡಿದಿದ್ದ ತೆಂಗಿನಕಾಯಿ ಯಾವ ಕಡೆ ವಾಲಿತು, ಅಲ್ಲಿ ನೀರು ಬರದೆ ಇದ್ದದ್ದು ಯಾರಿಂದ. ನಡುನಡುವೆ ದನಿ ಕೈಕೊಡುತ್ತಿತ್ತು, ಬಿಸಿನೀರು ಕುಡಿದು ಮತ್ತೆ ಬೋರ್‌ವೆಲ್‌ಗೇ ಇಳಿಯುತ್ತಿದ್ದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಇದಕ್ಕಾಗಿಯೇ ನಾನು ಬೈಸಿಕೊಂಡೆನೇ ಅನ್ನಿಸಿತು.

ಎರಡನೇ ದಿನ ಮಂದಿ ಕರಗಿದ ಮೇಲೆ ಅವರು ನನ್ನನ್ನು ಕರೆದರು. "ಯವ್ವಾ, ನಿನ್ನ ಪುಸ್ತಕದಾಗ ಮುಖ್ಯ ಮಾತ ಮೊದಲ ಬರ್ತೈತಿ ಅಂದಿದ್ದೆಲ್ಲ. ಅದನ್ನ ಹೆಂಗ ಹೇಳೂದು?"

"ಯಾಕ ಅನ್ನೂದು ಆಮ್ಯಾಲೆ ಹೇಳ್ರಿ ಕಾಕಾ. ಏನು ಅನ್ನೂದು ಮೊದಲ ಹೇಳಿಬಿಡ್ರಿ."

ಅವರು ಬಾಯೊಳಗೇ ಏನನ್ನೋ ಎರಡು ಸಲ ಆಡಿ ನೋಡಿದರು. ಅಪ್ಪ ಊಟದ ಡಬ್ಬಿ ಹಿಡಿದು ಬಂದಾಗ, ಅವರು ಇನ್ನೂ ಒಳಗೆ ಕಾಲಿಡುವ ಮುಂಚೆ, "ಅಣ್ಣಾ, ನೀ ತಂದ ದಾಳಿಂಬ ಹುಳಿ ಇದ್ದೂವು" ಅಂದರು. ಅಪ್ಪ ಬಾಗಿಲಲ್ಲೇ ನಿಂತರು. ಅವರಿಗೆ ಇದು ರೋಗ ಮೆದುಳಿಗೆ ಏರಿದ ಲಕ್ಷಣ ಅನ್ನಿಸಿರಬೇಕು. ಡಬ್ಬಿ ಕೆಳಗಿಟ್ಟು ಸೀದಾ ಮಾರ್ಕೆಟ್ಟಿಗೆ ಹೋಗಿ, ಅಂಗಡಿಯವನಿಂದ ಒಂದನ್ನು ಒಡೆಸಿ ರುಚಿ ನೋಡಿ, ಬೇರೆ ದಾಳಿಂಬೆ ತಂದರು. ಸುಲಿದು ಕಾಳು ಬಿಡಿಸಿ ತಮ್ಮನ ಕೈಗೆ ಕೊಟ್ಟರು. ಕಾಕಾ ತಿಂದು, "ಇವು ಛಲೋ ಅದಾವ" ಅಂದರು. ಅಣ್ಣ ತಮ್ಮಂದಿರು ಅಷ್ಟು ಚೊಕ್ಕವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಪರೇಷನ್ನಿನ ಬೆಳಿಗ್ಗೆ ಕಾಕಾನಿಗೆ ಹಸಿರು ಅಂಗಿ ತೊಡಿಸಿದರು. ಕಿವಿಯಲ್ಲಿದ್ದ ಬಂಗಾರದ ಒಂಟಿ ಬಿಚ್ಚಿಸಿ ಕಾಕುವಿನ ಕೈಗೆ ಕೊಟ್ಟರು. ಅಪ್ಪ ಔಷಧ ತರಲು ಕೆಳಗೆ ಹೋಗಿದ್ದರು. ನಾನು ಮಂಚದ ಕೆಳಗಿನ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಕಾಕು ಮಂಚದ ಅಂಚಿನಲ್ಲಿ ಕೂತು, ಅಂಗಿಯ ಹಿಂದಿನ ಲಾಡಿ ಸಡಿಲಾಗಿದೆ ಅಂತ ಮತ್ತೆ ಮತ್ತೆ ಕಟ್ಟುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಕರೆಯುತ್ತಾರೆ ಎಂಬುದು ಮೂವರಿಗೂ ಗೊತ್ತಿತ್ತು.

"ಒಂದ ಮಾತ ಹೇಳೂದೈತಿ" ಎಂದರು ಕಾಕಾ.

ಕಾಕುವಿನ ಕೈ ಲಾಡಿಯ ಮೇಲೆ ನಿಂತಿತು. "ಹೇಳ್ರಿ."

ಕಾಕಾ ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಹವಾಮಾನದ ಮಾತು ಬಂತು ಅಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡರು.

"ನೀ ಮಾಡೂ ಝುಣಕಕ್ಕ ಉಪ್ಪ ಹೆಚ್ಚಾಗ್ತೈತಿ."

ನಾನು ಮಂಚದ ಕೆಳಗಿಂದ ತಲೆ ಎತ್ತಲಿಲ್ಲ. ಮದುವೆಯಾದ ಲಾಗಾಯ್ತಿನಿಂದ ಆ ಕಡಲೆಹಿಟ್ಟಿನ ಝುಣಕ ತಿಂದ ಮನುಷ್ಯ, ಭೂಮಿಯ ಮೇಲಿನ ತಮ್ಮ ಕೊನೆಯ ಮಾತಾಗಿ ಇದನ್ನು ಆರಿಸಿಕೊಂಡರಲ್ಲ ಅನ್ನಿಸಿತು. ಕಾಕು ಲಾಡಿಯ ಗಂಟು ಬಿಗಿದರು.

"ಗೊತ್ತೈತಿ ನನಗ" ಅಂದರು. "ಝುಣಕಾ ಮಾಡಿದ ದಿನಾ ಎರಡ ತಂಬಿಗಿ ನೀರ ಕುಡೀತಿದ್ರಿ."

"ಗೊತ್ತಿದ್ದ ಮ್ಯಾಲೆ ಯಾಕ ಹಾಕ್ತಿದ್ದಿ?"

"ಒಮ್ಮೆರೆ ಬಾಯಿ ಬಿಟ್ಟ ಹೇಳ್ತೀರೇನ ಅಂತ ನೋಡ್ತಿದ್ದೆ."

ಕಾಕಾ ಅವರನ್ನೇ ನೋಡಿದರು. ಆಮೇಲೆ ನಕ್ಕರು. ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕರು, ಹಾಸಿಗೆಯ ಕಂಬಿ ಹಿಡಿದುಕೊಂಡು ನಕ್ಕರು. ಕರೆದುಕೊಂಡು ಹೋಗಲು ಬಂದವರು ಏನಾಯಿತೋ ಅಂತ ಹೆದರಿ ಓಡಿ ಬಂದರು. ಗಾಲಿಮಂಚದ ಮೇಲೆ ಮಲಗಿಸಿ, ಉದ್ದನೆಯ ದಾರಿಯುದ್ದಕ್ಕೂ ತಳ್ಳಿಕೊಂಡು ಹೋಗಿ, ಬಾಗಿಲು ಮುಚ್ಚುವವರೆಗೂ ಆ ಒರಟು ನಗು ನಮಗೆ ಕೇಳಿಸುತ್ತಿತ್ತು. ಅವರ ಗಂಟಲಿನಿಂದ ನಾವು ಕೇಳಿದ ಕೊನೆಯ ದನಿ ಅದು.